ಮಿಕ್ಸರ್ ಹಚ್ಚಿ ಅತ್ತ ದಿನಗಳು

ನಮ್ಮವ್ವ ತೀರಿಕೊಂಡಿದ್ದು 2022ರ ಫೆಬ್ರವರಿಯಲ್ಲಿ. ನಾನು ಅವಳಿಗಾಗಿ ಬಾಯಿ ಬಿಟ್ಟು ಅತ್ತಿದ್ದು 2023ರ ಆಗಸ್ಟ್‌ನಲ್ಲಿ.

ಇಳಕಲ್ಲಿಗೆ ಮಣ್ಣಿಗೆ ಹೋದಾಗ ನನ್ನ ಗಂಡ ಜೊತೆಗೇ ಬಂದಿದ್ದರು. ಸಂಜೆಗೇ ವಿಜಯಪುರಕ್ಕೆ ವಾಪಸ್ ಹೊರಡೋಣ ಅಂದರು. ದೊಡ್ಡವ್ವ ಕೈ ಮುಗಿದಳು. "ಹನ್ನೊಂದ ದಿನದ ಕಾರ್ಯ ಆಗೂತನಕ ಇರಲಿ ಬಿಡ್ರಿ, ಇರಾಕಿ ಒಬ್ಬಾಕಿ ಮಗಳು." ಮೂರು ದಿನಕ್ಕೆ ಒಪ್ಪಿದರು. ಆ ಮೂರು ದಿನವೂ ತಾಸಿಗೊಮ್ಮೆ ವಿಡಿಯೊ ಕಾಲ್. ಯಾರು ಬಂದಿದ್ದಾರೆ, ಎಲ್ಲಿ ಕೂತಿದ್ದೀ, ಫೋನ್ ತಿರುಗಿಸಿ ತೋರಿಸು. ಓಣಿಯ ಹೆಣ್ಣುಮಕ್ಕಳು ಅವ್ವನ ಗುಣ ಹಾಡಿಕೊಂಡು ಅಳುತ್ತಿದ್ದರೆ ನಾನು ಕಣ್ಣು ಒರೆಸಿಕೊಂಡು ಫೋನ್ ಹಿಡಿದು ಹಿತ್ತಲಿಗೆ ಓಡುತ್ತಿದ್ದೆ. ದನಿ ಒಡೆದರೆ "ನಾಟಕ ಸಾಕು" ಅನ್ನುತ್ತಿದ್ದರು.

ವಿಜಯಪುರದ ಮನೆಗೆ ಬಂದ ಮೇಲೆ ಅಳುವುದು ಇನ್ನೂ ಕಷ್ಟವಾಯಿತು. ಕಣ್ಣು ಊದಿದ್ದರೆ ವಿಡಿಯೊದಲ್ಲಿ ಕಾಣುತ್ತದೆ, ಅಲ್ವಾ? ಅದಕ್ಕೇ ಸಂಜೆ ಅವರು ಮನೆಗೆ ಬಂದಮೇಲೆ, ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿ ಅಳುತ್ತಿದ್ದೆ. ಹೊಗೆ, ಒಗ್ಗರಣೆಯ ಘಾಟು ಅಂತ ಹೇಳಬಹುದಿತ್ತು. ಶೇಂಗಾ ಹಿಂಡಿ ಎಷ್ಟು ರುಬ್ಬಿದೆನೋ ಲೆಕ್ಕವಿಲ್ಲ. ಮಿಕ್ಸರ್ ನಿಂತ ಕೂಡಲೇ ಅಳುವೂ ನಿಲ್ಲಬೇಕು. ಅರ್ಧ ನಿಮಿಷದ ಅಳು ಅದು. ಅದರಲ್ಲಿ ಅವ್ವ ಎಲ್ಲಿ ಬರುತ್ತಾಳೆ?

ಅವರು ನನ್ನ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ವರ್ಷಗಟ್ಟಲೆ ನಾನೇ ಅವರ ಪರವಾಗಿ ಈ ಮಾತು ಹೇಳಿಕೊಂಡು ಬಂದೆ. ನನ್ನ ಎಟಿಎಂ ಕಾರ್ಡ್ ಅವರ ಹತ್ತಿರ, ಆಧಾರ್ ಅವರ ಕಪಾಟಿನಲ್ಲಿ, ಕಾಯಿಪಲ್ಲೆಗೆ ಕೊಟ್ಟ ದುಡ್ಡಿಗೆ ರಾತ್ರಿ ಚೀಟಿ ಬರೆದು ಲೆಕ್ಕ. ಹೊಡೆಯುವುದಿಲ್ಲವಲ್ಲ, ಮತ್ತೇನು ಅಂದುಕೊಳ್ಳುತ್ತಿದ್ದೆ. ಹೊಡೆತವಷ್ಟೇ ಅಲ್ಲ, ದುಡ್ಡು ಕೈಗೆ ಸಿಗದ ಹಾಗೆ ಮಾಡುವುದು, ಮಾತಿನಲ್ಲಿ ಹಿಂಸೆ ಕೊಡುವುದು ಎಲ್ಲವೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹಿಂಸೆಯೇ ಅಂತ ಒಬ್ಬ ವಕೀಲೆ ನನಗೆ ಹೇಳಿದ್ದು ಮನೆ ಬಿಟ್ಟು ಬಂದಮೇಲೆ. ಮೊದಲೇ ಯಾರಾದರೂ ಹೇಳಬೇಕಿತ್ತು. ಹೆಣ್ಣುಮಕ್ಕಳ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ಸಾಕು ಅನ್ನುವುದೂ ಗೊತ್ತಿರಲಿಲ್ಲ.

ಹೇಳಿದ್ದು ಒಂದು ಹರಕು ಕಾದಂಬರಿ. ಪಕ್ಕದ ಮನೆಯ ಆಂಟಿ ರದ್ದಿಗೆ ಹಾಕಲು ಕಟ್ಟಿದ್ದ ಗಂಟಿನಲ್ಲಿತ್ತು. ರಟ್ಟಿಲ್ಲ, ಮೊದಲ ಕೆಲವು ಪುಟಗಳೂ ಇಲ್ಲ. ಹೀಗಾಗಿ ಹೆಸರು, ಬರೆದವರು ಯಾರು ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಗಂಡ ನನ್ನ ಫೋನ್ ದಿನಾ ನೋಡುತ್ತಿದ್ದರು, ಜೋಳದ ಡಬ್ಬಿ ಎಂದೂ ತೆಗೆದು ನೋಡಿದವರಲ್ಲ. ಅದರಲ್ಲಿಟ್ಟು ದಿನಕ್ಕೆ ಹತ್ತು ಪುಟ ಓದಿದೆ.

ಅದರ ನಾಯಕಿಯ ತಮ್ಮ ಹೊಳೆಯಲ್ಲಿ ಮುಳುಗಿ ಸತ್ತಿರುತ್ತಾನೆ. ಗಂಡ "ಒಂದು ವಾರ ಅತ್ತಿದ್ದೀ, ಸಾಕಲ್ಲ" ಅನ್ನುತ್ತಾನೆ. ಅವಳು ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ತಮ್ಮನ ಅಂಗಿಗೆ ಮುಖ ಒತ್ತಿ ಅಳುತ್ತಾಳೆ. ಅದನ್ನು ಓದಿ ಪುಸ್ತಕ ಮಡಚಿಟ್ಟು ಸುಮ್ನೆ ಕೂತುಬಿಟ್ಟೆ. ಅವಳಿಗೆ ನಲ್ಲಿ, ನನಗೆ ಮಿಕ್ಸರ್. ನನ್ನ ಹಾಗೆ ಇನ್ನೊಬ್ಬಳಿದ್ದಾಳೆ, ಅದನ್ನು ಯಾರೋ ಬರೆದೂ ಇದ್ದಾರೆ. ಬರೆದವರು ಅವಳ ಪರವಾಗಿಯೇ ಇದ್ದರು, ಅವಳು ನಾಟಕ ಮಾಡುತ್ತಿದ್ದಾಳೆ ಅಂತ ಒಂದು ಸಾಲಿನಲ್ಲೂ ಹೇಳಿರಲಿಲ್ಲ.

ಒಂದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅವಳು ಮಧ್ಯರಾತ್ರಿ, ಜೋರು ಮಳೆಯಲ್ಲಿ, ಬರಿಗಾಲಲ್ಲಿ ಮನೆ ಬಿಡುತ್ತಾಳೆ. ನಾನು ಹೊರಟಿದ್ದು ಹಗಲು ಹನ್ನೊಂದು ಗಂಟೆಗೆ, ರೊಟ್ಟಿ ಬಡಿದು ಮುಚ್ಚಿಟ್ಟು, ಹನ್ನೊಂದರ ವಿಡಿಯೊ ಕಾಲ್‌ನಲ್ಲಿ ಮನೆಯೆಲ್ಲ ತಿರುಗಿಸಿ ತೋರಿಸಿದ ಮೇಲೆ. ಮುಂದಿನ ಕಾಲ್‌ಗೆ ಒಂದು ತಾಸಿತ್ತು. ಕೈಯಲ್ಲಿ ನಲವತ್ತು ರೂಪಾಯಿ, ಒಂದು ಚೀಲ, ಅದರಲ್ಲಿ ಆ ಪುಸ್ತಕ, ಮದುವೆಗೆ ಮೊದಲು ಇಳಕಲ್ಲಿನಲ್ಲಿ ಮಾಡಿಸಿದ್ದ ವೋಟರ್ ಕಾರ್ಡ್. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಗಿತ್ತು. ಅದರ ಬಗ್ಗೆ ಯಾರು ಏನಾದರೂ ಅನ್ನಲಿ, ಟಿಕೆಟ್ಟಿಗೆ ದುಡ್ಡು ಬೇಕಾಗಿದ್ದರೆ ನಾನು ಅವತ್ತು ಹೊರಡುತ್ತಲೇ ಇರಲಿಲ್ಲ. ಕಂಡಕ್ಟರ್ "ಎಲ್ಲಿಗ್ರಿ ಅಕ್ಕಾರ?" ಅಂದ. ಇಳಕಲ್ಲು ಅಂದೆ. ಕಾರ್ಡ್ ನೋಡಿ ಟಿಕೆಟ್ ಹರಿದು ಕೊಟ್ಟ, ಅಷ್ಟೇ. ಯಾಕೆ, ಯಾರನ್ನು ಕೇಳಿ ಹೊರಟೆ ಅನ್ನದೆ ನನ್ನನ್ನು ಕಳಿಸಿಕೊಟ್ಟ ಮೊದಲ ಮನುಷ್ಯ ಅವನೇ.

ಮನಗೂಳಿ ದಾಟುವ ಮೊದಲೇ ಫೋನ್ ಬಡಿದುಕೊಳ್ಳತೊಡಗಿತು. ಒಂಬತ್ತು ಸಲ ಎಣಿಸಿದೆ, ಆಮೇಲೆ ಸ್ವಿಚ್ ಆಫ್ ಮಾಡಿದೆ. ಕೈ ನಡುಗುತ್ತಿತ್ತು. ಪಕ್ಕದಲ್ಲಿ ಹಣೆತುಂಬ ವಿಭೂತಿ ಹಚ್ಚಿದ ಅಜ್ಜಿ, ಕೂಡಲಸಂಗಮ ಕ್ರಾಸಿಗೆ ಇಳಿಯುವವಳು.

"ತವರಿಗೇನವಾ?"

"ಹೂನ್ರಿ ಅಜ್ಜಿ."

"ಅವ್ವ ಆರಾಮ್ ಅದಾಳ?"

"ಇಲ್ರಿ. ಹೋಗ್ಯಾಳ."

ಅಜ್ಜಿ ಏನೂ ಅನ್ನಲಿಲ್ಲ. ನನ್ನ ಕೈ ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು. ಕೃಷ್ಣೆಯ ಸೇತುವೆ ದಾಟಿ ಅವಳ ಕ್ರಾಸ್ ಬರುವವರೆಗೂ ಬಿಡಲಿಲ್ಲ.

ಮನೆ ಮುಟ್ಟಿದಾಗ ಅಣ್ಣ ಮಗ್ಗದ ಕುಣಿಯಲ್ಲಿ ಕೂತಿದ್ದ. ಚೀಲ ನೋಡಿದ, ನನ್ನ ಮುಖ ನೋಡಿದ, ಲಾಳಿ ನಿಲ್ಲಿಸಿದ. ದೊಡ್ಡವ್ವ "ಸ್ವಲ್ಪ ಹೊಂದಿಕೊಂಡ ಹೋಗಬೇಕಿತ್ತ ತಂಗಿ" ಅಂತ ಶುರು ಮಾಡಿದಳು. ವೈನಿ ಅವಳ ಮಾತು ಮುಗಿಯಲು ಬಿಡದೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅವ್ವನ ಟ್ರಂಕು ತೆಗೆದಳು.

ಮೇಲೇ ಇತ್ತು, ಕೆಂಪು ಟೋಪ್ ತೆನಿ ವಿನ್ಯಾಸದ ಸೆರಗಿನ ಅವಳ ಸೀರೆ. ಇಳಕಲ್ ಸೀರೆಯ ಮೈಯ ಹಾಸು (ಉದ್ದಕ್ಕೆ ಹಾಕುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ನಾನು ಸಣ್ಣವಳಿದ್ದಾಗ ಅವ್ವ ಕಂಡಿಕೆ ಸುತ್ತುತ್ತ, ಇಲ್ಲಿ ಕೈ ಇಟ್ಟು ನೋಡು, ಕೊಂಡಿ ಬೆರಳಿಗೆ ಹತ್ತುತ್ತದೆ ಅಂತ ತೋರಿಸಿದ್ದಳು. ಕಣ್ಣು ಮುಚ್ಚಿ ಬೆರಳಾಡಿಸಿದೆ. ಹತ್ತಿತು.

ಆಮೇಲೆ ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ನನ್ನ ದನಿ ಅಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. ನಡುವೆ ಒಮ್ಮೆ ಅಭ್ಯಾಸದಿಂದ ಬಾಯಿಗೆ ಸೆರಗು ಒತ್ತಿಕೊಂಡೆ. ವೈನಿ ಅದನ್ನು ಮೆಲ್ಲಗೆ ತೆಗೆದಳು. "ಅಳವಾ, ಎಷ್ಟ ಬೇಕಷ್ಟ ಅತ್ತಬಿಡು."

ಕಾದಂಬರಿಯಲ್ಲಿ ಇನ್ನೂ ನಲವತ್ತು ಪುಟ ಬಾಕಿ ಇದ್ದವು. ಮರುದಿನ ಪಡಸಾಲೆಯಲ್ಲಿ, ಹಾಡಹಗಲೇ, ಅಣ್ಣನ ಮಗ್ಗದ ಸದ್ದು ಕೇಳುತ್ತ ಓದಿ ಮುಗಿಸಿದೆ.