ಮಳೆಗಾಲದ ಘಟ್ಟಕ್ಕೆ ತಾಳುವ ವಾಚು

'ರಗಡ್' ಅಂತ ಮಾರುವ ಜಿಪಿಎಸ್ ವಾಚುಗಳಿಗೆ ದಪ್ಪ ಅಂಚು, ಎದ್ದು ಕಾಣುವ ನಾಲ್ಕು ಸ್ಕ್ರೂ, ಸೈನಿಕರ ಉಡುಪಿನ ಬಣ್ಣ ಇದ್ದೇ ಇರುತ್ತವೆ. ಆದರೆ ಚಾರಣದಲ್ಲಿ, ಓಟದಲ್ಲಿ ವಾಚು ಕೈಕೊಡುವುದು ದೊಡ್ಡ ಏಟಿನಿಂದಲ್ಲ. ಹತ್ತು ಗಂಟೆ ಮಳೆಯಲ್ಲಿ ನೆನೆದ ಮೇಲೆ ಸ್ಕ್ರೀನು ಬೆರಳಿನ ಮಾತು ಕೇಳುವುದಿಲ್ಲ, ಕೆಸರು ಒಣಗಿ ಗುಂಡಿ ಹಿಡಿದುಕೊಳ್ಳುತ್ತದೆ, ಇಳಿಯುವ ದಾರಿಯ ಅರ್ಧದಲ್ಲಿ ಬ್ಯಾಟರಿ ಮುಗಿಯುತ್ತದೆ. ದಿನದ ಕೊನೆಯ ಗಂಟೆಯಲ್ಲೂ ಮೊದಲ ಗಂಟೆಯಷ್ಟೇ ನಂಬಿಕೆಯಿಂದ ಕೆಲಸ ಮಾಡುವುದೇ ಗಟ್ಟಿ ವಾಚು. ಕೊಳ್ಳುವಾಗ ಅದನ್ನೇ ನೋಡಬೇಕು.

ಮೊದಲು ಡಬ್ಬದ ಮೇಲಿನ ಮಾತು. 'ಮಿಲ್-ಎಸ್‌ಟಿಡಿ-810' ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಗ್ರಹ. ಶಾಖ, ಚಳಿ, ತೇವ, ಉಪ್ಪು ಮಂಜು, ಧೂಳು, ಬೀಳುವ ಏಟು ಹೀಗೆ ಹತ್ತಾರು ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕು ಅನ್ನುವ ಆಯ್ಕೆ ತಯಾರಕರದ್ದು. ಪಾಸಾಯಿತೆಂದು ಮೊಹರು ಒತ್ತುವ ಸಂಸ್ಥೆ ಯಾವುದೂ ಇಲ್ಲ. ಆದ್ದರಿಂದ ಯಾವ ಯಾವ ವಿಧಾನದಲ್ಲಿ ಪರೀಕ್ಷಿಸಿದ್ದಾರೆ ಎಂದು ಬರೆದಿದ್ದರೆ ಮಾತ್ರ ಆ ಸಾಲಿಗೆ ಬೆಲೆ. ನಮ್ಮ ಘಟ್ಟಕ್ಕೆ ತೇವದ್ದು, ಬೀಳುವುದರದ್ದು ಮುಖ್ಯ. ಕರಾವಳಿಯವರಿಗೆ ಉಪ್ಪಿನದ್ದೂ ಬೇಕು.

ನೀರು ತಡೆಯುವ ಶಕ್ತಿಗೆ ಬರೆಯುವ '5 ಎಟಿಎಂ' ಅಂದರೆ ಐವತ್ತು ಮೀಟರ್ ಆಳಕ್ಕೆ ಮುಳುಗಿಸಬಹುದು ಎಂದಲ್ಲ. ಅಲುಗದೆ ನಿಂತ ನೀರಿನಲ್ಲಿ ಅಷ್ಟು ಆಳದ ಒತ್ತಡವನ್ನು ವಾಚು ತಡೆದಿದೆ ಎಂದಷ್ಟೇ. ಮಳೆಗೆ, ಈಜಿಗೆ ಅದು ಸಾಕು. ರಭಸದಿಂದ ಬೀಳುವ ಜಲಪಾತದ ಅಡಿ ಕೈಯೊಡ್ಡುವುದು, ಕಾರು ತೊಳೆಯುವ ಪೈಪು ಹಿಡಿಯುವುದು ಬೇರೆ ಮಾತು. ನೀರು ತಡೆಯುವುದು ಒಳಗಿನ ತೆಳು ರಬ್ಬರ್ ರಿಂಗು. ಬಿಸಿನೀರು, ಸೋಪು, ಹಬೆ ಅದನ್ನು ಬೇಗ ಹಾಳು ಮಾಡುತ್ತವೆ. ಹೊಳೆಗಿಂತ ಬಚ್ಚಲಿನ ಬಿಸಿನೀರೇ ವಾಚಿಗೆ ಹೆಚ್ಚು ಕೆಟ್ಟದ್ದು. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಆಫ್ ಮಾಡಿ, ಚಾರ್ಜಿಗೆ ಹಾಕದೆ ಸೀದಾ ಸರ್ವಿಸ್‌ಗೆ ಕೊಡಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಕೆಟ್ಟ ರಿಂಗು ಸರಿಯಾಗುವುದಿಲ್ಲ.

ಸ್ಕ್ರೀನು ಮತ್ತು ಗುಂಡಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಐದು ಗುಂಡಿಯ ವಾಚೇ ಬೇಕು. ಟಚ್ ಸ್ಕ್ರೀನು ಬೆರಳನ್ನು ಗುರುತಿಸುವುದು ವಿದ್ಯುದಾವೇಶದ ಬದಲಾವಣೆಯಿಂದ, ಮಳೆಯ ಹನಿಯೂ ಅದೇ ಬದಲಾವಣೆ ತರುತ್ತದೆ. ಹೀಗಾಗಿ ಹನಿ ಬಿದ್ದರೆ ಪುಟ ತಾನೇ ಸರಿಯುತ್ತದೆ, ದಾರಿಯ ರೆಕಾರ್ಡಿಂಗ್ ನಿಂತೇ ಹೋಗುತ್ತದೆ. ನಿಂತದ್ದು ಗೊತ್ತಾಗುವಷ್ಟರಲ್ಲಿ ಮೂರು ಕಿಲೋಮೀಟರ್ ಕಳೆದಿರುತ್ತದೆ. ಟಚ್ ಇದ್ದರೂ ಚಟುವಟಿಕೆ ಶುರುವಾದೊಡನೆ ತಾನೇ ಲಾಕ್ ಆಗುವ ವ್ಯವಸ್ಥೆ ಇರಲಿ. ಅಂಗಡಿಯಲ್ಲಿ ಕಣ್ಣು ಮುಚ್ಚಿ ಶುರು ಮಾಡುವ, ಲ್ಯಾಪ್ (ಸುತ್ತು) ಗುರುತಿಸುವ ಗುಂಡಿಗಳನ್ನು ಬೆರಳಿನಿಂದಲೇ ಹುಡುಕಿ ನೋಡಿ. ಆಮೇಲೆ ಅಂಗೈಯನ್ನು ನೆಲಕ್ಕೆ ಊರಿ ಮಣಿಕಟ್ಟು ಮಡಿಸಿ. ಕೈಯ ಹಿಂಬದಿ ತಾಗಿ ಗುಂಡಿ ಒತ್ತಿಕೊಂಡರೆ ಬಂಡೆ ಹಿಡಿದು ಹತ್ತುವಾಗಲೂ ಅದೇ ಆಗುತ್ತದೆ.

ಕೆಮ್ಮಣ್ಣು, ಬೆವರು ಸೇರಿ ಒಣಗಿದರೆ ಗುಂಡಿಯ ಸುತ್ತ ಸಿಮೆಂಟಿನಂತೆ ಕೂರುತ್ತದೆ. ಪ್ರತಿ ಚಾರಣದ ನಂತರ ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೆಲ್ಲನೆ ಹರಿಯುವ ನಲ್ಲಿಯ ಕೆಳಗೆ ಹಿಡಿದು ಪ್ರತಿ ಗುಂಡಿಯನ್ನೂ ಹತ್ತು ಹದಿನೈದು ಸಲ ಒತ್ತಿ. ಬದಿಯಲ್ಲೋ ಬೆನ್ನಲ್ಲೋ ಇರುವ ಸಣ್ಣ ತೂತುಗಳು ಗಾಳಿಯ ಒತ್ತಡ ಅಳೆಯುವ ಸೆನ್ಸರಿನವು. ಅವಕ್ಕೆ ಪಿನ್ನು ಹಾಕಬಾರದು. ಒಳಗಿನ ಪೊರೆ ತೂತಾದರೆ ಎತ್ತರವೂ ಹೋಯಿತು, ನೀರು ತಡೆಯುವುದೂ ಹೋಯಿತು.

ಎತ್ತರದ ಲೆಕ್ಕವನ್ನು ತಪ್ಪು ತಿಳಿಯುವವರೇ ಹೆಚ್ಚು. ವಾಚು ಅದನ್ನು ಗಾಳಿಯ ಒತ್ತಡದಿಂದ ಕಂಡುಹಿಡಿಯುತ್ತದೆ. ಸಮುದ್ರಮಟ್ಟದ ಹತ್ತಿರ ಎಂಟೂವರೆ ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. 1700 ಮೀಟರ್ ಎತ್ತರದಲ್ಲಿ ಅಷ್ಟು ಇಳಿಯಲು ಸುಮಾರು ಹತ್ತು ಮೀಟರ್ ಏರಬೇಕು. ಆದರೆ ನಾವು ಏರದಿದ್ದರೂ ಒತ್ತಡ ಬದಲಾಗುತ್ತಲೇ ಇರುತ್ತದೆ. ನಮ್ಮ ಅಕ್ಷಾಂಶದಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚಿದ್ದು ಸಂಜೆ ನಾಲ್ಕರ ಹೊತ್ತಿಗೆ ಮೂರು ನಾಲ್ಕು ಹೆಕ್ಟೊಪಾಸ್ಕಲ್ ಕಡಿಮೆಯಾಗುತ್ತದೆ. ಮೇಜಿನ ಮೇಲಿಟ್ಟ ವಾಚೂ ಅಷ್ಟು ಹೊತ್ತಿಗೆ ಮೂವತ್ತು ಮೀಟರ್ 'ಹತ್ತಿರುತ್ತದೆ'. ವಾಚು ಕೆಟ್ಟಿದೆ ಎಂದುಕೊಳ್ಳಬೇಡಿ. ಹೊರಡುವ ಜಾಗದ ಎತ್ತರವನ್ನು ನಕ್ಷೆ ನೋಡಿ ಕೈಯಾರೆ ಹಾಕಿ. ಶಿಖರದಲ್ಲಿ ಮತ್ತೆ ಸರಿಮಾಡಿ: ಕುಮಾರ ಪರ್ವತ 1712, ತಡಿಯಂಡಮೋಳ್ 1748, ಕುದುರೆಮುಖ 1894, ಮುಳ್ಳಯ್ಯನಗಿರಿ 1930 ಮೀಟರ್. ಕೈಯಾರೆ ಎತ್ತರ ಹಾಕಲು ಬಿಡದ ವಾಚು ಗುಡ್ಡ ಹತ್ತುವವರಿಗೆ ಬೇಡ.

ಜಿಪಿಎಸ್ ತಪ್ಪುವುದು ಸಂಕೇತ ಪ್ರತಿಫಲಿಸುವುದರಿಂದ. ಉಪಗ್ರಹದಿಂದ ನೇರ ಬಂದ ಸಂಕೇತಕ್ಕೂ ಬಂಡೆಗೋ ಕಟ್ಟಡಕ್ಕೋ ಬಡಿದು ತಡವಾಗಿ ಬಂದದ್ದಕ್ಕೂ ವ್ಯತ್ಯಾಸ ತಿಳಿಯದಿದ್ದರೆ ದಾರಿ ಅಂಕುಡೊಂಕಾಗುತ್ತದೆ. ಉಪಗ್ರಹಗಳು ಕಳಿಸುವ ಹೊಸ ಎಲ್5 ತರಂಗದ ಕೋಡ್ ಹಳೆಯ ಎಲ್1ಗಿಂತ ಹತ್ತು ಪಟ್ಟು ವೇಗದ್ದು, ಹಾಗಾಗಿ ಈ ಎರಡನ್ನು ಬೇರ್ಪಡಿಸುವುದು ಸುಲಭ. ಎರಡೂ ತರಂಗ ಹಿಡಿಯುವ ವಾಚು ಶೋಲಾ ಕಾಡಿನ ಕಮರಿಯಲ್ಲೂ ಬೆಂಗಳೂರಿನ ಎತ್ತರದ ಕಟ್ಟಡಗಳ ನಡುವೆಯೂ ಕೊಟ್ಟ ದುಡ್ಡಿಗೆ ನ್ಯಾಯ ಮಾಡುತ್ತದೆ. ಕೆರೆ ಏರಿಯ ಮೇಲೆ, ಸ್ಟೇಡಿಯಂನಲ್ಲಿ ಓಡುವವರಿಗೆ ಅದು ಅನವಶ್ಯ ಖರ್ಚು. ಯಾವ ವಾಚಾದರೂ ಹಿಂದಿನ ರಾತ್ರಿ ನೆಟ್‌ವರ್ಕ್ ಇರುವಲ್ಲೇ ಫೋನಿನೊಂದಿಗೆ ಸಿಂಕ್ ಮಾಡಿ. ಉಪಗ್ರಹಗಳು ಎಲ್ಲಿರುತ್ತವೆ ಎಂಬ ಮಾಹಿತಿ ಆಗ ಇಳಿಯುತ್ತದೆ. ಬೆಳಿಗ್ಗೆ ಮರಗಳ ಕೆಳಗೆ ಹೋಗುವ ಮುನ್ನ ಬಯಲಿನಲ್ಲಿ ಒಂದೆರಡು ನಿಮಿಷ ನಿಲ್ಲಿ. ರೆಕಾರ್ಡಿಂಗ್ 'ಪ್ರತಿ ಸೆಕೆಂಡ್'ಗೆ ಇರಲಿ. ಬ್ಯಾಟರಿ ಉಳಿಸುವ ಮೋಡಿನಲ್ಲಿ ತಿರುವುಗಳು ಕತ್ತರಿಸಿಹೋಗಿ ದೂರ ಕಡಿಮೆ ಬರುತ್ತದೆ.

ಬ್ಯಾಟರಿಯಲ್ಲಿ 'ಎಷ್ಟು ದಿನ' ಎಂಬ ದೊಡ್ಡ ಅಕ್ಷರ ಬಿಟ್ಟು 'ಜಿಪಿಎಸ್ ಎಷ್ಟು ಗಂಟೆ' ಎಂಬ ಸಾಲು ಹುಡುಕಿ. ಗಾರ್ಮಿನ್ ಫೀನಿಕ್ಸ್ 7 ಉದಾಹರಣೆ ತೆಗೆದುಕೊಂಡರೆ, ತಯಾರಕರ ಪಟ್ಟಿಯಲ್ಲೇ ಜಿಪಿಎಸ್ ಮಾತ್ರವಾದರೆ 57 ಗಂಟೆ, ಎಲ್ಲ ಉಪಗ್ರಹ ವ್ಯವಸ್ಥೆಗಳೂ ಎರಡೂ ತರಂಗವೂ ಸೇರಿದರೆ (ಸಫೈರ್ ಗಾಜಿನ ಮಾದರಿಯಲ್ಲಿ) 23 ಗಂಟೆ. ಅದೂ ಹೊಸ ಬ್ಯಾಟರಿಗೆ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳಿಯಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಎಂಬ ಅತಿ ದೂರದ ಓಟಕ್ಕೆ ಹೋಗುವವರಿಗೆ ಗಡುವೇ 12 ಗಂಟೆ. ನಿಮ್ಮ ಅತಿ ಉದ್ದದ ದಿನದ ಎರಡರಷ್ಟು ಗಂಟೆ ಪಟ್ಟಿಯಲ್ಲಿರಲಿ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸವೆದರೂ ಆಗ ಕೆಲಸ ನಡೆಯುತ್ತದೆ. ಸೋಲಾರ್ ಗಾಜಿನ ಲೆಕ್ಕ 50,000 ಲಕ್ಸ್ ಬಿಸಿಲಿಗೆ ಹಾಕಿದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಚಾರ್ಜಿಂಗ್ ಪಿನ್ನುಗಳನ್ನು ಹತ್ತಿರದಿಂದ ನೋಡಿ. ಚಿನ್ನದ ಬಣ್ಣದ ಚುಕ್ಕಿಯ ಅಂಚಿನಲ್ಲಿ ಹಸಿರು ಪುಡಿ ಕಂಡರೆ ಬೆವರಿನ ತೇವದಲ್ಲೇ ಚಾರ್ಜ್ ಹಾಕಿದ್ದರ ಗುರುತು: ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಲೋಹ ಕರಗಿದೆ. ತೊಳೆದು, ಬಟ್ಟೆಯಲ್ಲಿ ಒತ್ತಿ, ಪೂರ್ತಿ ಒಣಗಿದ ಮೇಲೆಯೇ ಕೇಬಲ್ ಸಿಕ್ಕಿಸಿ.

ಎದೆಬಡಿತ ಅಳೆಯುವ ಹಸಿರು ಬೆಳಕು ಚಳಿಯಲ್ಲಿ, ಸಡಿಲ ಪಟ್ಟಿಯಲ್ಲಿ ತಪ್ಪುತ್ತದೆ. ಓಡುವಾಗ ಹೆಜ್ಜೆಯ ಲಯವನ್ನೇ ಎದೆಬಡಿತ ಎಂದು ಹಿಡಿಯುವುದೂ ಉಂಟು: ಸುಮ್ಮನೆ ಓಡುತ್ತಿದ್ದರೂ 170 ತೋರಿಸಿದರೆ ಅದೇ ಕಾರಣ. ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ವೇಗದ ತರಬೇತಿ ಮಾಡುವವರು ಎದೆಪಟ್ಟಿಯನ್ನೇ ಬಳಸಬೇಕು.

ಸಫೈರ್ ಗಾಜಿನ ಗಡಸುತನ ಮೋಸ್ ಮಾಪಕದಲ್ಲಿ 9, ಮರಳಿನ ಕ್ವಾರ್ಟ್ಜ್ 7. ಗೀರು ಬೀಳುವುದಿಲ್ಲ ನಿಜ, ಆದರೆ ಅಂಚಿಗೆ ಕಲ್ಲೇಟು ಬಿದ್ದರೆ ಬಿರಿಯುತ್ತದೆ. ಗಾಜಿಗಿಂತ ಒಂದು ಮಿಲಿಮೀಟರಾದರೂ ಎದ್ದ ಅಂಚು ಅದಕ್ಕಿಂತ ಒಳ್ಳೆಯ ರಕ್ಷಣೆ. ಪಟ್ಟಿ ನೈಲಾನಿನದ್ದಾದರೆ ಒದ್ದೆಯಾಗಿಯೇ ಉಳಿಯುತ್ತದೆ, ಸಿಲಿಕೋನಿನದ್ದು ಬೇಗ ಒಣಗಿದರೂ ಅಡಿಯಲ್ಲಿ ಬೆವರು ನಿಂತು ಚರ್ಮ ಕೆರೆಯುತ್ತದೆ. ಇಂಬಳದ ಕಾಲದಲ್ಲಿ ಆಗಾಗ ಪಟ್ಟಿ ಬಿಚ್ಚಿ ಅಡಿ ನೋಡುವುದು ಹೇಗೂ ಒಳ್ಳೆಯದು. ಪಟ್ಟಿ ಹಿಡಿದಿಡುವ ಸ್ಪ್ರಿಂಗ್ ಕಡ್ಡಿಯೇ ಮೊದಲು ಸೋಲುವ ಭಾಗ. ಒಂದು ಜೊತೆ ಹೆಚ್ಚುವರಿ ಕಡ್ಡಿ ಪ್ರಥಮ ಚಿಕಿತ್ಸೆಯ ಚೀಲದಲ್ಲಿರಲಿ.

ಬಿದ್ದರೆ ಮನೆಯವರಿಗೆ ಸುದ್ದಿ ಕಳಿಸುವ ಸೌಲಭ್ಯ ಬಹುತೇಕ ವಾಚುಗಳಲ್ಲಿ ಫೋನಿನ ನೆಟ್‌ವರ್ಕ್ ನಂಬಿದ್ದು. ಘಟ್ಟದ ಒಳಗೆ ಅದು ಸಿಗುವುದಿಲ್ಲ ಎಂದೇ ಯೋಜಿಸಿ. ಹೊರದೇಶದಲ್ಲಿರುವ ನಮ್ಮವರು ರಜೆಗೆ ಬರುವಾಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣ ತರುವುದಿದ್ದರೆ ಗಮನಿಸಿ: ಭಾರತದಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಅನುಮತಿ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಜಿಪಿಎಸ್ ಸಂಕೇತ ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ವಾಚು ತಂದ ಮೊದಲ ವಾರವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನ, ಪೂರ್ತಿ ಚಾರ್ಜ್ ಮಾಡಿ ಜಿಪಿಎಸ್ ಹಚ್ಚಿ ನಾಲ್ಕು ಗಂಟೆ ನಡೆಯಿರಿ. ನಡುವೆ ಹತ್ತು ನಿಮಿಷ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಒದ್ದೆ ಕೈಯಲ್ಲೇ ನಿಲ್ಲಿಸಿ ಮತ್ತೆ ಶುರು ಮಾಡಿ. ಶೇಕಡಾ ಎಷ್ಟು ಇಳಿಯಿತೋ ಅದನ್ನು ನಾಲ್ಕರಿಂದ ಭಾಗಿಸಿ, ಬಂದ ಅಂಕಿಯಿಂದ ನೂರನ್ನು ಭಾಗಿಸಿದರೆ ನಿಮ್ಮ ವಾಚಿನ ನಿಜವಾದ ಗಂಟೆ ಸಿಗುತ್ತದೆ.