ಕಪ್ಪತಗುಡ್ಡದಲ್ಲಿ ದಾರಿ ರಿಪೇರಿ

ನಮ್ಮ ಕಡೆ ಮಕ್ಕಳು ಟ್ರಿಪ್ಪಿಗೆ ಹೊರಟರೆ ಬ್ಯಾಗು ತುಂಬುವವಳು ಅವ್ವ. ಮಕ್ಕಳ ಕೆಲಸ ಏನಿದ್ದರೂ ಜಿಪ್ ಎಳೆಯುವುದು. ಅದಕ್ಕೇ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೊರಡುವ ಹಿಂದಿನ ಸಂಜೆ ಧಾರವಾಡದ ಗೆಳೆಯನ ಮನೆಯ ಪಡಸಾಲೆಯಲ್ಲಿ ಎಲ್ಲರ ಬ್ಯಾಗನ್ನೂ ಖಾಲಿ ಮಾಡಿಸಿದೆವು. ಪಿಯುಸಿ ಮೊದಲ ವರ್ಷದ ಹುಡುಗಿಯೊಬ್ಬಳ ಬ್ಯಾಗು 14 ಕೆಜಿ ತೂಗಿತು. ಅವಳ ತೂಕವೇ 45. ಒಳಗಿನಿಂದ ಎರಡು ಚಾದರ, ದೊಡ್ಡ ಶಾಂಪೂ ಬಾಟಲಿ, ಒಂದು ಸ್ಟೀಲ್ ಡಬ್ಬಿ ಶೇಂಗಾ ಉಂಡಿ, ಇನ್ನೊಂದು ಡಬ್ಬಿ ಚಕ್ಕುಲಿ ಬಂದವು. ಒಂದು ಛತ್ರಿಯೂ ಬಂತು. ಅದು ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಹೊರುವವರ ತೂಕದ ಐದರಲ್ಲಿ ಒಂದು ಪಾಲು, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ಚಾರಣದವರ ಲೆಕ್ಕ. ಬೆಳೆಯುವ ಮಕ್ಕಳಿಗೆ ಇನ್ನೂ ಕಡಿಮೆಯಾದರೆ ಒಳ್ಳೇದು. ಅವಳ ಲೆಕ್ಕಕ್ಕೆ 9 ಕೆಜಿ. ಅದರಲ್ಲಿ 3 ಲೀಟರ್ ನೀರಿಗೇ 3 ಕೆಜಿ ಹೋಯಿತು. ಉಳಿದ ಆರು ಕೆಜಿಯಲ್ಲಿ ಏನಿರಬೇಕು ಅಂತ ಅವಳೇ ಕೂತು ಆರಿಸಿದಳು. ಅವರವ್ವ ಪಕ್ಕದಲ್ಲೇ ನಿಂತಿದ್ದರು. "ಉಂಡಿ ಇರ್ಲಿ ಬಿಡವಾ, ಹಾದ್ಯಾಗ ಬೇಕಾಗ್ತಾವ" ಅಂದರು. ಉಂಡಿ ಉಳಿದವು, ಡಬ್ಬಿ ಹೋಯಿತು.

ಈ ಮಕ್ಕಳು 15ರಿಂದ 17ರ ವಯಸ್ಸಿನವರು. ಬೇಸಿಗೆ ರಜೆಯಲ್ಲಿ ಹಿಮಾಚಲದ ಒಂದು ಸ್ವಯಂಸೇವಾ ಶಿಬಿರಕ್ಕೆ ಹೋಗುವವರಿದ್ದಾರೆ. ತಮ್ಮ ಬ್ಯಾಗು ತಾವೇ ಹೊರಬೇಕು, ಟೆಂಟಿನಲ್ಲಿ ಮಲಗಬೇಕು, ಹಗಲೆಲ್ಲ ಬೆಟ್ಟದ ಕಾಲುದಾರಿ ರಿಪೇರಿ ಮಾಡಬೇಕು. ಅಮೆರಿಕದಲ್ಲಿ ಇದು ಹಳೇ ಸಂಗತಿ. 1957ರಲ್ಲಿ ಶುರುವಾದ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಷನ್ ಅಲ್ಲಿನ ಹೈಸ್ಕೂಲು ಮಕ್ಕಳಿಂದ ನ್ಯಾಷನಲ್ ಪಾರ್ಕುಗಳಲ್ಲಿ ಇಂಥ ಕೆಲಸ ಮಾಡಿಸುತ್ತ ಬಂದಿದೆ. ನಮ್ಮ ಮಕ್ಕಳಿಗೆ ಮಠದ ದಾಸೋಹದಲ್ಲಿ ಬಡಿಸುವುದು ಗೊತ್ತು, ಜಾತ್ರೆಯಲ್ಲಿ ನೀರು ಹಂಚುವುದು ಗೊತ್ತು. ಗುದ್ದಲಿ ಹಿಡಿದವರು ಕಡಿಮೆ. ಅದಕ್ಕೆ ತಾಲೀಮು ಬೇಕಾಗಿತ್ತು. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ಇಳಿಸಿದ್ದು ಆಗಿತ್ತು. ಅಲ್ಲಿ ಕಾಲಿಗೆ ಕೆಲಸ, ಕೈಗಿಲ್ಲ.

ತಾಲೀಮು ರೈಲ್ವೆ ಸ್ಟೇಷನ್ನಿನಲ್ಲೇ ಶುರುವಾಯಿತು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಬೇರೆಯವರು ಅಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಾವು ಬ್ಯಾಗು ಹೊರಿಸಿ ಈ ತುದಿಯಿಂದ ಆ ತುದಿಗೆ ನಡೆಸಿದೆವು. ಸೊಂಟದ ಪಟ್ಟಿ ಬಿಗಿಯಾಗಿದ್ದರೆ ಭಾರ ಸೊಂಟಕ್ಕೆ ಬೀಳುತ್ತದೆ, ಸಡಿಲಾದರೆ ಪೂರ್ತಿ ಹೆಗಲಿಗೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಹತ್ತುವುದಿಲ್ಲ. ಅರ್ಧ ಪ್ಲಾಟ್‌ಫಾರ್ಮ್ ದಾಟುವಷ್ಟರಲ್ಲಿ ಎಲ್ಲರೂ ತಾವಾಗೇ ನಿಂತು ಪಟ್ಟಿ ಎಳೆದುಕೊಂಡರು. ಹೊಸ ಬೂಟು ಹಾಕಿಕೊಂಡು ಬಂದಿದ್ದ ಹುಡುಗನಿಗೆ ಆಗಲೇ ಹಿಮ್ಮಡಿ ಉರಿ. ಉರಿ ಅನ್ನಿಸಿದ ಕೂಡಲೇ ಟೇಪ್ ಹಚ್ಚಬೇಕು, ಬೊಬ್ಬೆ ಎದ್ದ ಮೇಲೆ ಹಚ್ಚಿ ಏನು ಪ್ರಯೋಜನ?

ಗದಗಿನಿಂದ ಡಂಬಳಕ್ಕೆ ಬಸ್ಸು. ಅಲ್ಲಿನ ದೊಡ್ಡಬಸಪ್ಪ ಗುಡಿಗೆ ಹೋಗದೆ ಮುಂದೆ ಹೋಗಲು ನನಗಂತೂ ಮನಸ್ಸು ಬರುವುದಿಲ್ಲ. ಚಾಲುಕ್ಯರ ಕಾಲದ ಗುಡಿ, ಗರ್ಭಗುಡಿಯ ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತದೆ. ಮಕ್ಕಳು ಮೂಲೆ ಎಣಿಸುತ್ತ ಸುತ್ತು ಹಾಕಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂತು, ಜಗಳವಾಯಿತು. ಬಿಡಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಅಭಯಾರಣ್ಯ, 244 ಚದರ ಕಿಲೋಮೀಟರ್. ಅನುಮತಿ ಇಲ್ಲದೆ ಕೆಲಸ ಇರಲಿ, ಸುಮ್ನೆ ಅಡ್ಡಾಡುವುದಕ್ಕೂ ಹೋಗಬಾರದು. ತೋಳ, ಕತ್ತೆಕಿರುಬ, ಚಿರತೆ ಇರುವ ಗುಡ್ಡ. ನಾವು ಉಳಿದದ್ದು ಕೆಳಗೆ ಊರಲ್ಲಿ. ಬೆಳಗ್ಗೆ ಡೋಣಿ ಕಡೆಯಿಂದ ಹತ್ತುವಾಗ ಜೊತೆಗೆ ಬಂದ ಫಾರೆಸ್ಟ್ ಗಾರ್ಡ್ ಮೊದಲ ಮಾತೇ ಹೇಳಿಬಿಟ್ಟರು: "ಹಸಿ ಗಿಡಕ್ಕ ಕೈ ಹಚ್ಚಂಗಿಲ್ರಿ. ಔಷಧಿ ಗಿಡ ಅಂತ ಕಿತ್ತು ಕಿಸೆದಾಗ ಇಟ್ಕೊಳ್ಳಂಗಿಲ್ಲ. ಕಲ್ಲು, ಮಣ್ಣು, ಪ್ಲಾಸ್ಟಿಕ್, ಇಷ್ಟ ನಿಮ್ದು." ಬೆಂಕಿಯಂತೂ ಕೇಳಲೇಬೇಡಿ. ಈ ಗುಡ್ಡದ ತುಂಬ ಹುಲ್ಲು. ಒಣಗಿತೆಂದರೆ ಒಂದು ಕಡ್ಡಿ ಸಾಕು, ಬೇಸಿಗೆಯಲ್ಲಿ ಉರಿದ ಸುದ್ದಿ ಬರುತ್ತಲೇ ಇರುತ್ತದೆ. ಹಾಗಾಗಿ ಸ್ಟೋವ್ ಇಲ್ಲ, ಬಿಸಿ ಚಹಾ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಹಗುರ, ಕೆಡುವುದಿಲ್ಲ, ಬೇಯಿಸುವ ಗೋಜಿಲ್ಲ. ಚಾರಣದವರು ದುಡ್ಡು ಕೊಟ್ಟು ತರುವ ಪ್ಯಾಕೆಟ್ ಊಟಕ್ಕೆ ಇದು ಏನೂ ಕಡಿಮೆ ಇಲ್ಲ. ಪುಡಿಯಾಗದ ಹಾಗೆ ಎರಡು ತಾಟಿನ ನಡುವೆ ಇಟ್ಟು ಕಟ್ಟಿಕೊಂಡರಾಯಿತು.

ಗಾರ್ಡ್ ತೋರಿಸಿದ ದಾರಿಯ ತುಂಡು ನೋಡಿ ಮಕ್ಕಳಿಗೆ ನಿರಾಸೆಯಾಯಿತು. ನೋಡುವ ಹಾಗೆ ಅಲ್ಲಿ ಏನೂ ಇರಲಿಲ್ಲ. ಮಳೆ ನೀರು ದಾರಿಯ ನಡುವೆಯೇ ಹರಿದು ಮಣಕಾಲುದ್ದ ಕೊರೆದಿತ್ತು. ಕೊರಕಲಿನಲ್ಲಿ ಕಾಲಿಡಲು ಆಗದೆ ಜನ ಪಕ್ಕದ ಹುಲ್ಲಿನ ಮೇಲೆ ನಡೆದಿದ್ದರು. ಅಲ್ಲಿ ಎರಡನೇ ದಾರಿಯಾಗಿತ್ತು, ಅದರ ಪಕ್ಕ ಮೂರನೇದು ಶುರುವಾಗಿತ್ತು. ದಾರಿ ಕೆಡಿಸುವುದು ನೀರು, ಅಗಲ ಮಾಡುವುದು ಜನ. ನೀರನ್ನು ಬೇಗ ದಾರಿಯಿಂದ ಹೊರಗೆ ಹಾಕಿದರೆ ಎರಡೂ ನಿಲ್ಲುತ್ತವೆ.

ಹತ್ಯಾರ ಹಿಡಿಯುವುದನ್ನು ಕಲಿಸಲು ಒಂದು ಗಂಟೆ ಹೋಯಿತು. ಹುಡುಗರು ಪಿಕಾಸಿಯನ್ನು ಹೆಗಲ ಮೇಲೆ ಇಟ್ಟುಕೊಂಡೇ ನಡೆಯುತ್ತಾರೆ, ಹೊಲದಲ್ಲಿ ಕಂಡದ್ದೂ ಹಾಗೇ ಅಲ್ವಾ. ಇಳಿಜಾರಿನಲ್ಲಿ ಜಾರಿ ಬಿದ್ದರೆ ಅದು ಕುತ್ತಿಗೆಗೇ ಬರುತ್ತದೆ. ಇಳಿಜಾರಿನ ಕಡೆಯ ಕೈಯಲ್ಲಿ, ಸೊಂಟದ ಕೆಳಗೆ ಹಿಡಿಯಬೇಕು. ಬಿದ್ದರೆ ಅದನ್ನು ಆ ಕಡೆಗೇ ಬಿಸಾಕಬಹುದು. ಇಬ್ಬರ ನಡುವೆ 3 ಮೀಟರ್ ಅಂತರ. ಕೆಲಸ ಮಾಡುವವರನ್ನು ದಾಟುವ ಮುಂಚೆ ಕೂಗಿ ಹೇಳಬೇಕು, ಅವರು ಕೈ ನಿಲ್ಲಿಸಿದ ಮೇಲೆ ದಾಟಬೇಕು.

ದಾರಿಗೆ ಅಡ್ಡಲಾಗಿ, ಓರೆಯಾಗಿ ಕಲ್ಲಿನ ಸಾಲು ಕೂಡಿಸುವುದೇ ಕೆಲಸ. ಮೇಲಿನಿಂದ ಬಂದ ನೀರು ಕಲ್ಲಿಗೆ ಬಡಿದು ಇಳಿಜಾರಿನ ಕಡೆಗೆ ತಿರುಗಬೇಕು. ಕಲ್ಲಿನ ಮುಕ್ಕಾಲು ಪಾಲು ಮಣ್ಣಿನಲ್ಲಿ ಹೂತಿರಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಉರುಳುತ್ತದೆ. ಆ 14 ಕೆಜಿ ಬ್ಯಾಗಿನ ಹುಡುಗಿ ಮತ್ತು ಇನ್ನಿಬ್ಬರು ಒಂದು ಸಾಲು ಮುಗಿಸಿದರು. ನೋಡಲು ಚೆನ್ನಾಗೇ ಇತ್ತು. ಗಾರ್ಡ್ ಏನೂ ಹೇಳಲಿಲ್ಲ, ಒಂದು ಕ್ಯಾನ್ ನೀರು ತಂದು ಮೇಲಿನಿಂದ ಸುರುವಿದರು. ನೀರು ಕಲ್ಲಿನ ತನಕ ಬಂತು, ಒಂದು ಗಳಿಗೆ ನಿಂತಿತು, ಎರಡು ಕಲ್ಲಿನ ಸಂದಿಯಲ್ಲಿ ತೂರಿ ಮತ್ತೆ ದಾರಿಗೇ ಇಳಿಯಿತು. ಮೂವರೂ ಮುಖ ಮುಖ ನೋಡಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳೆಯ ನನ್ನ ತೋಳು ಹಿಡಿದ. ಅವರೇ ಕಲ್ಲು ಕಿತ್ತರು. ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಕೂಡಿಸಿದರು, ಸಂದಿಗೆ ಸಣ್ಣ ಕಲ್ಲು ಜಡಿದರು, ಮಣ್ಣು ತುಳಿದು ಗಟ್ಟಿ ಮಾಡಿದರು. ಊಟದ ಹೊತ್ತು ಮೀರಿತ್ತು. ಯಾರೂ ರೊಟ್ಟಿ ಕೇಳಲಿಲ್ಲ. ಎರಡನೇ ಕ್ಯಾನಿಗೆ ನೀರು ಓರೆಯಾಗಿ ಹರಿದು ಹುಲ್ಲಿಗೆ ಹೋಯಿತು.

ನೃಪತುಂಗ ಬೆಟ್ಟವನ್ನು ಎಲ್ಲರಿಗಿಂತ ಮೊದಲು ಓಡಿ ಹತ್ತುತ್ತಿದ್ದ ಹುಡುಗ ಅಷ್ಟರಲ್ಲಿ ನೆರಳು ಹುಡುಕಿ ಕೂತಿದ್ದ. ದಮ್ಮಿಗೆ ಕೊರತೆ ಇಲ್ಲ, ಬೇಸರ ತಡೆಯಲು ಆಗುವುದಿಲ್ಲ. ಶಿಬಿರಕ್ಕೆ ಮಕ್ಕಳನ್ನು ಆರಿಸುವವರು ಓಟದ ಟೈಮಿಂಗ್ ನೋಡುವ ಬದಲು ಇಂಥ ಒಂದು ಮಧ್ಯಾಹ್ನ ನೋಡುವುದು ವಾಸಿ. ಅವನಿಗೆ ಮರುದಿನ ಪ್ಲಾಸ್ಟಿಕ್ ಚೀಲ ಕೊಟ್ಟು ಗುಡ್ಡದ ಬುಡದ ತನಕ ಕಳಿಸಿದೆವು. ಓಡಾಡುವ ಕೆಲಸ ಅವನಿಗೆ ಒಗ್ಗಿತು.

ಎಲ್ಲಕ್ಕಿಂತ ಕಷ್ಟದ ಪಾಠ ಸಂಡಾಸದ್ದು. ದಾರಿಯಿಂದಲೂ ನೀರಿನಿಂದಲೂ 60 ಮೀಟರ್ ದೂರ, ಗೇಣುದ್ದ ಕುಣಿ, ಆಮೇಲೆ ಮಣ್ಣು ಮುಚ್ಚುವುದು. ಒಂಟಿಯಾಗಿ ಹೋಗಬಾರದು. ಹುಡುಗರು ನಗುತ್ತಿದ್ದರು. ಜೊತೆಗಿದ್ದ ಮೇಡಂ ನಗಲಿಲ್ಲ. ಮುಟ್ಟಾದರೆ ಪ್ಯಾಡನ್ನು ಹೂಳಬಾರದು, ಜಿಪ್ ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು ಅನ್ನುವುದನ್ನೂ ಎಲ್ಲರ ಎದುರಿಗೇ ಹೇಳಿದರು. ನಗು ಅಲ್ಲಿಗೆ ನಿಂತಿತು. ಸಂಜೆ ಇಬ್ಬರು ಹುಡುಗಿಯರು ಹೋಗಿ ಮೇಡಂ ಹತ್ತಿರ ಇನ್ನೂ ಏನೇನೋ ಕೇಳಿದರು.

ರಾತ್ರಿ ಊರಲ್ಲಿ ಗುಡ್ಡದ ಕಥೆ ಬಂತು. 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದು, ಮರುವರ್ಷವೇ ಹಿಂದಕ್ಕೆ ಪಡೆದದ್ದು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟದ್ದು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಆ ಹೋರಾಟದ ಮುಂದೆ ಇದ್ದರು. 2018ರಲ್ಲಿ ಅವರು ತೀರಿಕೊಂಡರು, ಅಭಯಾರಣ್ಯವಾದದ್ದು ಅದರ ಮರುವರ್ಷ. ಆಗ ಈ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿದ್ದರು. ಒಬ್ಬ ಕೇಳಿದ, "ಬಂಗಾರ ಐತಿ ಅಂತ ಅಗ್ಯಾಕ ಬಂದಿದ್ರ ಹೌದೇನ್ರಿ ಸರ್?" ಹೌದಪ್ಪ, ಬಂಗಾರದ ಮೇಲೂ ಕಬ್ಬಿಣದ ಅದಿರಿನ ಮೇಲೂ ಕಣ್ಣಿತ್ತು ಅಂದೆ.

ವಾಪಸ್ ಬಂದ ಮೇಲೆ ತಂದೆಯೊಬ್ಬರು ಕೇಳಿದರು, "ಇದಕ್ಕ ಸರ್ಟಿಫಿಕೇಟ್ ಕೊಡ್ತಾರೇನ್ರಿ?" ಇಲ್ಲ ಅಂದೆ. ಮುಖ ಸ್ವಲ್ಪ ಸಣ್ಣದಾಯಿತು.

ಕಲ್ಲು ಕೂಡಿಸಿದ ಮೂವರು ಹೊರಡುವ ಮೊದಲು ಗಾರ್ಡ್ ಹತ್ತಿರ ಹೋಗಿದ್ದರು. "ಮಳಿ ಬಿದ್ದ ಮ್ಯಾಲೆ ಕಲ್ಲು ನಿಂತಾವೋ ಇಲ್ಲೋ, ಫೋಟೊ ಕಳಸ್ರಿ ಅಂಕಲ್." ಅವರು, "ನೀವ ಬಂದ್ ನೋಡ್ರಲ್ಲ" ಅಂದರಂತೆ. ಹಾಗಾಗಿ ಮೇನಲ್ಲಿ ಹಿಮಾಚಲ, ಮುಂಗಾರು ಹಿಡಿದ ಮೇಲೆ ಮತ್ತೆ ಡೋಣಿ. ಅನುಮತಿಯ ಅರ್ಜಿಯನ್ನು ಈ ಸಲ ಅವರೇ ಬರೆಯುತ್ತಿದ್ದಾರೆ.