ಸುರಪುರದಾಗ ಸಿಕ್ಕ ಹಿತ್ತಾಳಿ ತೋಟಾ

ನಾನು ಮತ್ತ ನಮ್ಮ ದೋಸ್ತ ಹೋಗಿದ್ದು ಸುರಪುರದ ಬಾಜು ಬೋನಾಳ ಕೆರಿ ನೋಡ್ಲಿಕ್ಕ. ಕೆರಿ ನೋಡಿದ್ವಿ, ಹಕ್ಕಿ ನೋಡಿದ್ವಿ, ಫೋಟೋ ಹೊಡ್ಕೊಂಡ್ವಿ, ಅದರ ಬಗ್ಗಿ ಬರದವ್ರು ಭಾಳ ಮಂದಿ ಅದಾರ. ನಾ ಬರಿಲಿಕ್ಕ ಕುಂತಿದ್ದು ಸುರಪುರದಾಗ ಒಬ್ಬ ಮುತ್ಯಾನ ಮನ್ಯಾಗ ದೇವರ ಜಗಲಿ ಮ್ಯಾಲ ನಿಂತಿದ್ದ ಬಂದೂಕಿನ ಒಂದು ಹಿತ್ತಾಳಿ ತೋಟಾದ ಸಲುವಾಗಿ.

ಕಲಬುರಗಿ ಬಿಟ್ಟಿದ್ದು ನಸುಕಿನ್ಯಾಗ. ಕಟ್ಟಿಸಂಗಾವಿ ಬ್ರಿಜ್ ಮ್ಯಾಲ ಭೀಮಾ ದಾಟಿ ಜೇವರ್ಗಿಯೊಳಗ ಸುಸಲಾ ಮಿರ್ಚಿ ತಿಂದ್ವಿ, ಮಿರ್ಚಿ ಬಿಸಿ ಇತ್ತು, ಚಹಾ ಮಾತ್ರ ಬರೇ ಸಕ್ರಿ ನೀರು. ಶಹಾಪುರದ ಮಲಗಿದ ಬುದ್ಧನ ಗುಡ್ಡ ಖರೇನ ಚಂದ ಅದ, ಆದ್ರ ರೋಡಿನ ಮ್ಯಾಲೇ ಗಾಡಿ ನಿಲ್ಸಿ ರೀಲ್ಸ್ ಮಾಡೋ ಮಂದಿ ನೋಡಿ ನಾವು ಇಳಿಲೇ ಇಲ್ಲ, ಹಂಗೇ ಸುರಪುರಕ್ಕ ಹೊಡದ್ವಿ.

ಸುರಪುರದಾಗ ಒಂದು ಲಾಡ್ಜಿಗಿ ಮೊದ್ಲೇ ಅಡ್ವಾನ್ಸ್ ಹಾಕಿದ್ವಿ. ಹೋಗಿ ನೋಡಿದ್ರ ಕೆಳಗಿಂದ ಮ್ಯಾಲಿನ ತನಕ ಮದುವಿ ಬೀಗರು, ನಮ್ಮ ರೂಮಿನಾಗ ಯಾರೋ ದಾಡಿ ಮಾಡ್ಕೊಳ್ಳಾಕತ್ಯಾರ. ಕೌಂಟರಿನ ಹುಡುಗ "ಸಂಜಿಗಿ ಖಾಲಿ ಆಗ್ತದ್ರಿ ಸರ" ಅಂದ, ಸಂಜಿಗಿ "ನಾಳಿ ಬರ್ರಿ" ಅಂದ, ರೊಕ್ಕ ಕೇಳಿದ್ರ ಮಾಲೀಕರು ಊರಾಗಿಲ್ಲ. ಆ ರೊಕ್ಕ ಇನ್ನೂ ಬಂದಿಲ್ಲ. ಲಗ್ನದ ಸೀಜನ್ನಾಗ ಸಣ್ಣ ಊರಿಗಿ ಹೋಗೋರು ಫೋನಿನ್ಯಾಗ ರೊಕ್ಕ ಹಾಕಬ್ಯಾಡ್ರಿ, ಹಾಕಿದ್ರ ರಸೀದಿ ಫೋಟೋ ಕಳಸ್ರಿ ಅಂತ ಕುಂತು ಹಟ ಹಿಡೀರಿ.

ಹೊತ್ತು ಕಳಿಬೇಕಲ್ಲ, ಟೇಲರ್ ಮಂಜಿಲ್ ಅನ್ನೋ ಹಳಿ ಬಂಗ್ಲೆ ಕಡಿ ಗುಡ್ಡ ಹತ್ತಿದ್ವಿ. ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ 1853ರ ತನಕ ಇಲ್ಲಿ ಇದ್ದಂವ, ಸುರಪುರದ ರಾಜಾ ವೆಂಕಟಪ್ಪ ನಾಯಕ ಸಣ್ಣಾಂವಿದ್ದಾಗ ಅವನಿಗಿ ಅಪ್ಪಾ ಅಂತಿದ್ದನಂತ. ಮುಂದ 1858ರಾಗ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸಿಕ್ಕಿಬಿದ್ದು ಹೋದ. ಬಂಗ್ಲೆ ಹೊರಗಿಂದ ನೋಡಿ, ಗಾಳಿ ತೊಗೊಂಡು ಇಳದ್ವಿ.

ಕೆಳಗ ಚಹಾದಂಗಡಿ ಬಾಕಿನ ಮ್ಯಾಲ ಕುಂತಾಗ ಮುತ್ಯಾ ಸಿಕ್ರು. ನಮ್ಮ ದೋಸ್ತ ರೈಫಲ್ ಕ್ಲಬ್ಬಿನಾಂವ, .22 ಅನ್ನೋ ಸಣ್ಣ ಅಳತಿ ರೈಫಲ್ ಹೊಡಿತಾನ, ಅವತ್ತ ಕ್ಲಬ್ಬಿನ ಟೀಶರ್ಟೇ ಹಾಕಿದ್ದ, ಎದಿ ಮ್ಯಾಲ ಬಂದೂಕಿನ ಚಿತ್ರ. ಬಾಜು ಕುಂತಿದ್ದ ಬಿಳಿ ಧೋತರ, ಟೊಪಗಿ, ಎಂಬತ್ತರ ಆಸುಪಾಸಿನ ಮುತ್ಯಾ ಅದನ್ನ ದಿಟ್ಟಿಸಿ ನೋಡಿ, "ಏನ್ ತಮ್ಮಾ, ಬಂದೂಕ ಹೊಡಿತಿ ಏನು?" ಅಂದ್ರು. ದೋಸ್ತ ಹೌದ್ರಿ ಮುತ್ಯಾ ಅಂದ. "ಏನ್ ಹೊಡಿತಿ?" ಕಾಗದ ಹೊಡಿತೀನ್ರಿ ಅಂದ. ಮುತ್ಯಾ ನಕ್ಕೋತ ಕೆಮ್ಮಿ, ಕೆಮ್ಮಿ ನಕ್ಕು, "ನಡೀರಿ ಮನಿಗಿ, ನಿನಗ ಒಂದು ತೋರಸ್ತೀನಿ" ಅಂದ್ರು.

ಜಗಲಿ ಮ್ಯಾಲ ದೇವರ ಫೋಟೋ ಮುಂದ ಒಂದು ಹಿತ್ತಾಳಿ ನಳಿಗಿ, ನನ್ನ ನಡುಬೆರಳಿನಷ್ಟು ಉದ್ದ, ಅದರಾಗ ಊದಿನಕಡ್ಡಿ ಹಚ್ಯಾರ. ನಾ ಊದಿನಕಡ್ಡಿ ಸ್ಟ್ಯಾಂಡೇ ಅನ್ಕೊಂಡಿದ್ದೆ. ದೋಸ್ತ ಕೇಳಿ ಕೈಗೆ ತೊಗೊಂಡು ಬುಡ ತಿರುವಿ ಕಣ್ಣಿಗಿ ಹತ್ರ ಹಿಡದ, ಬೂದಿ ಒರಸಿದ, ಆಮ್ಯಾಲ ಅವನ ಮಾರಿ ನೋಡಬೇಕಿತ್ತು ನೀವು. ಬುಡಕ್ಕ ಕೈನಾಕ್ ಅಂತ ತೋಟಾ ಕಂಪನಿ ಹೆಸರು ಇಂಗ್ಲಿಷಿನ್ಯಾಗ ಹೊಡದದ, ಜೋಡಿಗಿ .470, ಅದು ಇಂಚಿನ ಲೆಕ್ಕದಾಗ ತೋಟಾದ ಅಳತಿ. ಹುಲಿ, ಕಾಡುಕೋಣ, ಆನಿಗಂತ ಮಾಡಿದ ತೋಟಾ ಅದು. ನಾ ಹೊಡಿಯೋ .22ರ ಗುಂಡು 40 ಗ್ರೇನ್, ಇದರ ಗುಂಡು 500 ಗ್ರೇನ್, ಅಂದ್ರ 32 ಗ್ರಾಮಿನ ಮ್ಯಾಲ ತೂಕ ಅಂತ ನನಗ ಹೇಳಿದ. ಹೇಳುವಾಗ ದನಿ ಸಣ್ಣ ಮಾಡ್ಯಾನ, ಗುಡ್ಯಾಗ ನಿಂತಾಂವನಂಗ.

ಇದು ಎಲ್ಲಿಂದ ಬಂತ್ರಿ ಅಂತ ಕೇಳಿದ್ವಿ. ಮುತ್ಯಾರ ಅಜ್ಜಂದಂತ. ನಿಜಾಮರ ಕಾಲದಾಗ ಒಬ್ಬ ಜಹಾಗೀರದಾರರ ಕಡಿ ಅವರು ಕೆಲಸಕ್ಕಿದ್ರು, ಬ್ಯಾಸಗಿ ಬಂತಂದ್ರ ಶಿಕಾರಿ ಜೋಡಿ ವರಂಗಲ್ ಆಕಡಿ ಪಾಖಾಲ ಕಾಡಿಗಿ ಹೋಗ್ತಿದ್ರು. ಬ್ಯಾಸಗಿ ಯಾಕಂದ್ರ ಹಳ್ಳಕೊಳ್ಳ ಬತ್ತಿರ್ತಾವ, ಉಳಿದ ನೀರಿನ ಹತ್ರನ ಹುಲಿ ಇರ್ತದ, ಗಿಡದಾಗ ಎಲಿ ಇರಲ್ಲ, ಕಣ್ಣಿಗಿ ಬೀಳ್ತದ. ನೂರಾರು ಮಂದಿ ಹಲಗಿ ಬಾರಸ್ಕೋತ, ಡಬ್ಬಿ ಬಡಕೋತ ಹಾಕಾ ಹೊಡಿಯೋದು, ಹುಲಿ ಅಡ್ಡ ದಾರಿ ಹಿಡೀದಂಗ ಎರಡೂ ಕಡಿ ಗಿಡದ ಮ್ಯಾಲ ಮಂದಿ ಕುಂತು ಬಡಗಿಲೆ ಟೊಂಗಿ ಬಡಿಯೋದು, ಸಾಹೇಬ ಗಿಡಕ್ಕ ಕಟ್ಟಿದ ಮಚಾನದ ಮ್ಯಾಲ. ಮುತ್ಯಾರ ಅಜ್ಜ ಮೊದ್ಲ ಗಿಡದ ಮ್ಯಾಲ ಕುಂಡ್ರೋರು, ಆಮ್ಯಾಲ ಹೆಜ್ಜಿ ಹಿಡಿಯೋದ್ರಾಗ ಹೆಸರಾದ್ರು.

ಇಲ್ಲಿಂದ ದೋಸ್ತ ಮತ್ತ ಮುತ್ಯಾ ಇಬ್ಬರ ಮಾತು ಶುರು ಆತು ನೋಡ್ರಿ, ನಾ ಬರೇ ಕೇಳಾಂವ. ದೋಸ್ತಂಗ ಪುಸ್ತಕದ ಲೆಕ್ಕ ಎಲ್ಲಾ ಬಾಯಿಪಾಠ. ಟೇಲರ್ ಸಾಹೇಬನ ಕಾಲಕ್ಕ ಬಾಯಿಂದ ಮದ್ದು ತುಂಬೋ ಬಂದೂಕ, ಒಂದು ಪೌಂಡ್ ಸೀಸದಾಗ ನಳಿಗಿ ಅಳತಿ ಗುಂಡು ಎಷ್ಟು ಬರ್ತಾವ ಅದೇ ಬೋರಿನ ನಂಬರು, ಅಂದ್ರ 12 ಬೋರಿಗಿ ಹನ್ನೆರಡು, 4 ಬೋರಿಗಿ ಬರೇ ನಾಕು. ಹೊಡದ್ರ ಹೊಗಿ ಎಷ್ಟು ಬರ್ತಿತ್ತಂದ್ರ ಬಿತ್ತೋ ಓಡ್ತೋ ಗೊತ್ತೇ ಆಗ್ತಿದ್ದಿಲ್ಲ. ಮುಂದ ಸೇವಿಗಿ ಎಳಿ ಹಂಗಿರೋ ಕಾರ್ಡೈಟ್ ಮದ್ದು ಬಂದು ಹೊಗಿ ಹೋತು, ಜೋರು ಬಂತು, ರಿಗ್ಬಿ ಕಂಪನಿಯವ್ರು 1898ರಾಗ .450 ತೆಗದ್ರು, ಆಮ್ಯಾಲ ಬ್ಯಾರೆ ಕಂಪನಿಯವ್ರೂ ಅದೇ ದಾರಿ ಹಿಡದ್ರು. ಈ ತೋಟಾ ಇಷ್ಟು ಉದ್ದ ಯಾಕಂದ್ರ ನಮ್ಮ ಕಡಿ ಬಿಸಲಿಗಿ ಆ ಮದ್ದಿನ ಒತ್ತಡ ಏರ್ತದ, ತೋಟಾದ ಹಿತ್ತಾಳಿ ಬಂದೂಕಿನ ನಳಿಗ್ಯಾಗ ಕಚ್ಕೊಂಡ್ರ ಹುಲಿ ಎದುರಿಗಿ ಕೈಯಾಗ ಬಡಗಿ ಹಿಡದಂಗೇ, ಅದಕ್ಕ ತೋಟಾದ ಡಬ್ಬಿ ದೊಡ್ಡದು ಮಾಡಿ ಒತ್ತಡ ಕಡಿಮಿ ಇಟ್ಟಾರ. ಮುತ್ಯಾ ತಲಿ ಹಾಕಿ, "ಹೌದು, ತೋಟಾದ ಪಟ್ಟಿ ನೆರಳಾಗ ಇಡ್ರಿ ಅಂತ ಬೈತಿದ್ರಂತ ನಮ್ಮಜ್ಜಗ" ಅಂದ್ರು. ಕಲಬುರಗಿ ಮೇ ತಿಂಗಳು ಕಂಡವ್ರಿಗಿ ಇದನ್ನ ಬ್ಯಾರೆ ಹೇಳಬೇಕಾಗಿಲ್ಲ.

.450 ಇದ್ರ .470 ಯಾಕ ಬೇಕಾತು ಅಂತ ನಾ ನಡಕ ಬಾಯಿ ಹಾಕಿದೆ. ಸರಕಾರದ ಮಾರ್ಟಿನಿ-ಹೆನ್ರಿ ರೈಫಲ್ಲೂ .450 ಗಾತ್ರದ್ದು, ಅವು ಬಂಡುಕೋರರ ಕೈಯಾಗ ಸೇರಿದ್ವು, ಶಿಕಾರಿ ತೋಟಾದ ಮಾಲು ಅವಕ್ಕ ಹೋಗಬಾರದಂತ 1907ರ ಸುಮಾರಿಗಿ ಬ್ರಿಟಿಷರು ಹಿಂದುಸ್ತಾನದೊಳಗ ಆ ಅಳತಿನೇ ಬಂದ್ ಮಾಡಿದ್ರು, ಆಗ .465, .470, .475 ಅಂತ ಬ್ಯಾರೆ ಅಳತಿ ಮುಂದ ಬಂದವು ಅಂದ ದೋಸ್ತ. ಮುತ್ಯಾಗ ಇದು ಭಾಳ ಸೇರ್ತು. "ನಮಗ ಅಂಜಿ ಅಂವರ ಬಂದೂಕಿನ ಅಳತಿನೇ ಬದಲ್ಯಾಗ್ಯಾವ ಅನ್ನು ಮತ್ತ!" ಅಂತ ತೊಡಿ ಬಡಕೊಂಡ್ರು. ಬ್ಯಾಡ ನಾಯಕರು ಆಳಿದ ಊರಾಗ ಕುಂತು ಈ ಮಾತು ಕೇಳೋದ ಬ್ಯಾರೆ. ಇಲ್ಲೇ ಬಾಜು ವಾಗಣಗೇರಾ ಕೋಟಿ, 1705ರಾಗ ಔರಂಗಜೇಬ ಮುದುಕ ತಾನೇ ದಂಡು ತೊಗೊಂಡು ಬಂದು ಕುಂತಿದ್ದು, ಆಗ ಬ್ಯಾಡರ ಬಂದೂಕಿನ ಗುರಿಗೇ ಮೊಗಲರು ಅಂಜತಿದ್ರು. ಆಕಡಿ ಹಲಗಲಿ ಬ್ಯಾಡರು 1857ರಾಗ ಎದ್ದಿದ್ದು ಹತಾರ ಕೊಡಾಂಗಿಲ್ಲ ಅಂತನ.

ಆದ್ರ ನನಗ ಕುಂತಲ್ಲೇ ಕುಂಡ್ರಂಗ ಮಾಡಿದ್ದು ಇದಲ್ಲ. ದೊಡ್ಡ ತೋಟಾ ಅಂದ್ರ ಸಾಹೇಬರ ದಿಮಾಕು ಅಂತ ನಾ ತಿಳದಿದ್ದೆ. ಮುತ್ಯಾ ಹೇಳಿದ್ದು ಉಲ್ಟಾ. ಹಾಕಾಕ್ಕ ಹೋಗೋ ಮಂದಿ ಮೊದ್ಲ ನೋಡ್ತಿದ್ದಿದ್ದ ಸಾಹೇಬನ ಸೊಂಟದ ಪಟ್ಟಿ, ತೋಟಾ ಎಷ್ಟು ದಪ್ಪ ಅದಾವಂತ. ಸಣ್ಣ ತೋಟಾ ಇದ್ರ ಮಂದಿ ಹಿಂದ ಸರಿಯೋರು. "ಹುಲಿ ಸತ್ರ ಸಾಹೇಬಂದು, ಗಾಯ ಆಗಿ ಉಳದ್ರ ನಮ್ದು" ಅಂತಿದ್ರಂತ ಅವರಜ್ಜ. ಗಾಯದ ಹುಲಿ ಗಿಡಗಂಟ್ಯಾಗ ಹೊಕ್ಕ ಮ್ಯಾಲ ಮಚಾನ ಇಳಿಬೇಕು, ಸ್ವಲ್ಪ ಹೊತ್ತು ಕಾಯಬೇಕು, ಒಮ್ಮೊಮ್ಮಿ ಎಮ್ಮಿ ಹಿಂಡು ಮುಂದ ಬಿಟ್ಟು ಹುಲಿ ಎಲ್ಲದ ಅಂತ ಹುಡಕಬೇಕು, ಎಮ್ಮಿ ಸಿಗಲಿಲ್ಲಂದ್ರ ಮುಂದ ಹೆಜ್ಜಿ ಹಿಡಿಯೋ ಮನಷ್ಯಾ, ನೆಲಾ ನೋಡ್ಕೋತ, ರಕ್ತದ ಹನಿ ನೋಡ್ಕೋತ, ಕೈಯಾಗ ಬಡಗಿ, ಹಿಂದ ಸಾಹೇಬ ಜೋಡು ನಳಿಗಿ ಬಂದೂಕ ಹಿಡಕೊಂಡು.

ಒಂದಿನ ಹಿಂಗೇ ಗಾಯದ ಹುಲಿ ಎದ್ದಾಗ ಅಜ್ಜ ಬಗ್ಗಿ ನೆಲಾ ನೋಡ್ಲಿಕ್ಕತ್ತಿದ್ರಂತ. ಸಾಹೇಬ ಅವರ ಬಲಗಿವಿ ಬಾಜೂಕಿಂದನ ಹೊಡದ. ಹುಲಿ ಅಲ್ಲೇ ಬಿತ್ತು, ಅಜ್ಜನ ಬಲಗಿವಿನೂ ಅವತ್ತೇ ಹೋತು. "ನಾವು ಸಣ್ಣೋರಿದ್ದಾಗ ಅಜ್ಜಗ ಏನರ ಹೇಳದಿದ್ರ ಎಡಗಡಿ ಬಂದು ಕುಂಡ್ರಬೇಕಿತ್ತು, ಬಲಗಡಿ ಕುಂತು ಒದರಿದ್ರೂ ಕೇಳ್ತಿದ್ದಿಲ್ಲ" ಅಂದ್ರು ಮುತ್ಯಾ. ಅವಾಗ ಕೆಳಗ ಬಿದ್ದ ಖಾಲಿ ತೋಟಾನ ಇದು. ಇನಾಮೂ ಕೊಟ್ಟಿದ್ರಂತ, ಅದು ಎಂದೋ ಖರ್ಚಾಗಿ ಹೋತು. ಅಜ್ಜ ಸಿಟ್ಟು ಮಾಡ್ಕೊಂಡಿದ್ರೇನ್ರಿ ಅಂತ ಕೇಳಿದೆ. ಮುತ್ಯಾ ನನ್ನ ಮಾರಿ ನೋಡಿ, "ಯಾಕ ಸಿಟ್ಟು? ಸಣ್ಣ ತೋಟಾ ಇದ್ದಿದ್ರ ನಾ ಹುಟ್ತಿದ್ನೇನು?" ಅಂದ್ರು.

ನಮ್ಮ ದೋಸ್ತಂಗ ಬಾಯಿ ಮುಚ್ಕೊಂಡು ಕುಂಡ್ರಾಕ ಬರಲ್ಲ. ದಪ್ಪ ತೋಟಾ ಒಂದೇ ಸಾಲಂಗಿಲ್ರಿ ಮುತ್ಯಾ, ಐದು ಕೆಜಿ ಬಂದೂಕ, ಭುಜಕ್ಕ ಒದಿಯೋ ಒದಿತಕ್ಕ ಅಂಜಿ ಕಣ್ಣು ಮುಚ್ಚಿ ಹೊಡಿಯೋರೇ ಜಾಸ್ತಿ, ಅದಕ್ಕ 1912ರಾಗ ಬಂದ .375 ಮ್ಯಾಗ್ನಮ್ಮೇ ಛಲೋ, ಒದಿತ ಕಡಿಮಿ, ದೂರನೂ ಹೋಗ್ತದ, ಗುರಿಗಿ ಬಿದ್ದ ಸಣ್ಣ ಗುಂಡು ಗುರಿ ತಪ್ಪಿದ ದೊಡ್ಡ ಗುಂಡಿಗಿಂತ ಮೇಲು ಅಂತ ಭಾಷಣ ಹೊಡದ. ಮುತ್ಯಾ ಎಲ್ಲಾ ಕೇಳಿ, "ಅದೂ ಖರೆ. ಕಣ್ಣು ಮುಚ್ಚಿ ಹೊಡಿಯೋ ಸಣ್ಣ ನವಾಬರೂ ಇದ್ರಂತ. ಅಂಥಾವ್ರು ಬಂದ್ರ ನಮ್ಮಜ್ಜಗ ಹೊಟ್ಟಿ ಬ್ಯಾನಿ ಬರ್ತಿತ್ತು" ಅಂದ್ರು.

ಈಗ ಇವೆಲ್ಲಾ ಮಾತಿನ್ಯಾಗ ಅಷ್ಟೇ. ಹುಲಿ ಶಿಕಾರಿ 1970ರಾಗ ಬಂದ್ ಆತು, 1972ರ ವನ್ಯಜೀವಿ ಕಾಯ್ದಿ ಬಂದ ಮ್ಯಾಲ ಉಳದದ್ದೂ ಹೋತು, ಹೋಗಿದ್ದ ಛಲೋ ಆತು. ಆಫ್ರಿಕಾಕ್ಕ ರೊಕ್ಕ ಕಟ್ಟಿ ಹೋಗಿ ಸಿಂಹದ ತಲಿ ಎತ್ತಿ ಹಿಡದು ಹಲ್ಲು ಕಿಸಿಯೋರ ವಿಡಿಯೋ ನಮ್ಮ ದೋಸ್ತ ನೋಡ್ತಾನ, ನನಗ ಅವು ನೋಡಿದ್ರ ಊಟ ಸೇರಲ್ಲ. ರಾಜಾ ದೀನ ದಯಾಳ ಅವರ ಸ್ಟುಡಿಯೋದವ್ರು 1902ರಾಗ ತೆಗದ ಒಂದು ಫೋಟೋ ಅದ, ವರಂಗಲ್ ಕಡಿ ಕಾಡಿನ್ಯಾಗ ವೈಸರಾಯ್ ಲಾರ್ಡ್ ಕರ್ಜನ್ ಮತ್ತ ಅವನ ಹೆಂಡ್ತಿ ಸತ್ತ ಹುಲಿ ಹಿಂದ ನಿಂತಿದ್ದು. ಅದನ್ನ ಎಷ್ಟೋ ಸಲ ನೋಡೀನಿ, ಹೆಜ್ಜಿ ಹಿಡದಾಂವ ಯಾರು ಅಂತ ಕೇಳಬೇಕಂತ ಒಮ್ಮಿನೂ ಹೊಳದಿದ್ದಿಲ್ಲ.

ಮುತ್ಯಾರ ಮನ್ಯಾಗೂ ಒಂದು 12 ಬೋರ್ ಅದ, ಬೆಳಿಗಿ ಹಂದಿ ಕಾಟಂತ ಲೈಸೆನ್ಸ್ ಮಾಡಸಿದ್ದು. ತೋರಸ್ರಿ ಅಂದ್ರ ಇಲೆಕ್ಷನ್ ಟೈಮಿನ್ಯಾಗ ಠಾಣಾಕ್ಕ ಜಮಾ ಮಾಡಿದ್ದು ಇನ್ನೂ ತಂದಿಲ್ಲ, ಮಗಗ ಹೇಳಿ ಹೇಳಿ ಸಾಕಾಗ್ಯದ ಅಂದ್ರು. ಸೊಸಿ ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಹಾಕಿದ್ರು. ಪುಂಡಿ ಪಲ್ಯ ಅಂದ್ರ ಅದು, ಹೋಟೆಲಿನಾಗ ಎಣ್ಣ್ಯಾಗ ಮುಳಗಿಸಿ ಕೊಡ್ತಾರಲ್ಲ ಅದಲ್ಲ. ಲಾಡ್ಜಿನ ಕಥಿ ಕೇಳಿ ಇಲ್ಲೇ ಮಲಕೊಳ್ರಿ ಅಂದ್ರು, ನಾವೇ ಸಂಕೋಚ ಮಾಡ್ಕೊಂಡು ಶಹಾಪುರಕ್ಕ ಬಂದು ರೂಮ್ ಹಿಡದ್ವಿ.

ವಾಗಣಗೇರಾ ನೋಡೋದು ಹಂಗೇ ಉಳೀತು. ಬೋನಾಳಕ್ಕ ಹೋಗೋರು ಚಳಿಗಾಲದಾಗ ಮುಂಜಾನೆ ಹೋಗ್ರಿ, ನೀರಿನ ಬಾಟ್ಲಿ ಮನಿಯಿಂದನ ಒಯ್ಯಿರಿ. ದೋಸ್ತ ಮಾತ್ರ ಆ ರಾತ್ರಿ ಲೈಟ್ ತೆಗದ ಮ್ಯಾಲೂ .375ಏ ಛಲೋ ಅಂತ ಹಾಸಿಗ್ಯಾಗ ಮಲಕೊಂಡು ವಾದ ಮಾಡಾಕತ್ತಿದ್ದ, ಹೆಜ್ಜಿ ಹಿಡ್ಕೊಂಡು ಮುಂದ ನೀ ಹೋಗ್ತಿ ಏನಲೇ ಅಂತ ಕೇಳಿದ ಮ್ಯಾಲ ಮಗ್ಗಲಾ ಬದಲಿಸಿದ.